ಐದನೆಯ ಸಂಖ್ಯೆಗೆ ಹೆಸರಿಲ್ಲ

ಹೊನ್ನಾವರ
3 ಅಕ್ಟೋಬರ್ 2023

ನಾಗಪತಿ,

2023ರ ಸೆಪ್ಟೆಂಬರ್ 12, ಮಂಗಳವಾರ ಬೆಳಿಗ್ಗೆ ಏಳು ಮೂವತ್ತಾರರಿಂದ ಎಂಟು ಹತ್ತೊಂಬತ್ತರವರೆಗೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ನಮ್ಮ ಆಂಬುಲೆನ್ಸ್ ಸಹಾಯವಾಣಿ ಸತ್ತಿತ್ತು. ಆ ನಲವತ್ತಮೂರು ನಿಮಿಷದಲ್ಲಿ ಕಾಗಾಲದ ಮಾಸ್ತಮ್ಮ ಒಂಬತ್ತು ಸಲ ಫೋನು ಮಾಡಿದಳು. ಸರ್ಕಾರಿ ಗಾಡಿ ಆಗಲೇ ಬೇರೊಬ್ಬ ರೋಗಿಯನ್ನು ಹತ್ತಿಸಿಕೊಂಡು ಹೊರಟಾಗಿತ್ತು. ಎದೆ ಹಿಡಿದು ಕೂತಿದ್ದ ಅವಳ ಗಂಡ ರಾಮ ಮೀನಿನ ಟೆಂಪೋದಲ್ಲಿ ಕುಮಟಾ ಆಸ್ಪತ್ರೆಯ ಮೆಟ್ಟಿಲಿನವರೆಗೆ ಬಂದು ಅಲ್ಲೇ ತೀರಿಕೊಂಡ.

ಇದು ಮೊದಲನೆಯ ಅನ್ಯಾಯ. ಎರಡನೆಯದು ಸೆಪ್ಟೆಂಬರ್ 28ರಂದು ನಡೆಯಿತು. ಸಹಾಯವಾಣಿ ನಡೆಸುವ ಸಂಘದ ವಿಚಾರಣಾ ವರದಿಯಲ್ಲಿ 'ಕರ್ತವ್ಯದಲ್ಲಿದ್ದ ವಿನುತಾ ಅವರು 7.36ಕ್ಕೆ ಅನುಮತಿಯಿಲ್ಲದೆ ಕರೆ ಸ್ವೀಕರಿಸುವ ಕಂಪ್ಯೂಟರ್ ಯಂತ್ರವನ್ನು ಆರಿಸಿದ್ದೇ ಅಡಚಣೆಗೆ ಕಾರಣ' ಎಂದು ಬರೆದಿದ್ದೀರಿ. ಕೆಳಗೆ ತಾಂತ್ರಿಕ ಸಲಹೆಗಾರ ಎಂದು ನಿನ್ನ ಸಹಿ. ಅವಳು ಮಾತ್ರ, ಯಂತ್ರ 7.36ಕ್ಕೆ ತಾನಾಗಿ ಹೆಪ್ಪುಗಟ್ಟಿತು, ಯಂತ್ರ ನೋಡಿಕೊಳ್ಳುವ ನಿಮ್ಮ ಕಂಪನಿಗೆ ಐದು ಸಲ ಫೋನು ಮಾಡಿದರೂ ಯಾರೂ ಎತ್ತಲಿಲ್ಲ, ಕೊನೆಗೆ 8.17ಕ್ಕೆ ಆರಿಸಿ ಹಚ್ಚಿದೆ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರದು ಸುಳ್ಳು. ಎಂಟು ವರ್ಷ ದುಡಿದವಳನ್ನು ಅದೇ ಸಂಜೆ ಕೆಲಸದಿಂದ ತೆಗೆದಿರಿ.

ಮೆಸೇಜು ಕಳಿಸಿದರೆ ನೀನು ಓದಿ ಅಳಿಸುತ್ತೀ. ಅದಕ್ಕೇ ರಿಜಿಸ್ಟರ್ ಅಂಚೆ.

2009 ನೆನಪಿದೆಯಲ್ಲ? ನಾನಿನ್ನೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ, ನೀನು ಕುಮಟಾದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಯಾವುದೋ ಕಚೇರಿ ಗುಜರಿಗೆ ಹಾಕಲಿದ್ದ ಯಂತ್ರವನ್ನು ರಿಕ್ಷಾದಲ್ಲಿ ತಂದು, ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ, ಈ ಸಹಾಯವಾಣಿಯನ್ನು ನಾವಿಬ್ಬರೇ ಎಬ್ಬಿಸಿದೆವು. ಆ ದಿನ ನೀನು ತೋರಿಸಿದ್ದನ್ನು ನಾನು ಮರೆತಿಲ್ಲ. ಆಪರೇಟಿಂಗ್ ಸಿಸ್ಟಮ್ ತನ್ನ ಮೈಯ ಸ್ಥಿತಿಯನ್ನು ತಾನೇ ಸಾಲುಸಾಲಾಗಿ ಬರೆದು ಮುಂದಿಡುತ್ತಿತ್ತು. ಒಟ್ಟು ಮೆಮೊರಿ ಇಷ್ಟು, ಖಾಲಿ ಇಷ್ಟು, ಸರದಿಯಲ್ಲಿ ನಿಂತ ಕೆಲಸ ಇಷ್ಟು, ಎಚ್ಚರವಾಗಿ ಇಷ್ಟು ಹೊತ್ತಾಯಿತು. ಹೆಸರು, ಅದರ ಪಕ್ಕದಲ್ಲೇ ಸಂಖ್ಯೆ. "ನೋಡಾ ದಿನಕರ, ಇದನ್ನ ಓದೂಕೆ ಇಂಜಿನಿಯರ್ ಬೇಡ, ಏಳನೇತ್ತಿ ಕಲ್ತ್ರೆ ಸಾಕು" ಅಂದಿದ್ದೆ.

ನಾನು ಎಕ್ಸ್‌ಚೇಂಜಿನ ಪದ್ಧತಿಯನ್ನು ಅಲ್ಲಿಗೆ ತಂದೆ. ಪಾಳಿ ಬದಲಾಗುವಾಗ ಹೋಗುವವರು ಪರದೆ ನೋಡಿ ಆರು ಸಂಖ್ಯೆ ಗಟ್ಟಿಯಾಗಿ ಓದಬೇಕು. ಬರುವವರು ತಿರುಗಿ ಹೇಳಿ, ಗೋಡೆಯ ಹಲಗೆಯ ಮೇಲೆ ನಿನ್ನೆಯದರ ಕೆಳಗೆ ಇವತ್ತಿನದನ್ನು ಬರೆಯಬೇಕು. ಮೆಮೊರಿ ದಿನಾ ಇಳಿಯುತ್ತಿದ್ದರೆ ಪಿಯುಸಿ ಓದಿದ ಹುಡುಗಿಯರಿಗೂ ಕಾಣುತ್ತಿತ್ತು. ಕರೆ ಕಡಿಮೆ ಇರುವ ಹೊತ್ತು ನೋಡಿ ಯಂತ್ರವನ್ನು ಆರಿಸಿ ಹಚ್ಚುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಂದು ಕರೆಯೂ ತಪ್ಪಿರಲಿಲ್ಲ.

2021ರಲ್ಲಿ ನಿನ್ನ ಕಂಪನಿ ಬಂತು. ಹಲಗೆ ಇಳಿಯಿತು. ಹೊಸ ಯಂತ್ರದ ಅಂಕಿ ಅಂಶವೆಲ್ಲ ನಿಮ್ಮದೇ ಬೈನರಿ ಕಡತಕ್ಕೆ ಹೋಗತೊಡಗಿತು. ಅದನ್ನು ನಿಮ್ಮ ಪ್ರೋಗ್ರಾಂ ಬಿಟ್ಟು ಬೇರೆ ಯಾವುದೂ ಓದಲಾರದು. ಹಲಗೆಯ ಮೊಳೆಗೆ ನಿಮ್ಮ ಆದೇಶ ತೂಗುಹಾಕಿದಿರಿ: 'ಕಂಪನಿಯ ಅನುಮತಿಯಿಲ್ಲದೆ ಯಂತ್ರ ಆರಿಸಬಾರದು.'

ಸೆಪ್ಟೆಂಬರ್ 10, 11, 12ರ ದಾಖಲೆಯನ್ನು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಕೊಡು. ಯಂತ್ರ ಹೇಗೆ ಸತ್ತಿತು ಎಂದು ಯಂತ್ರವೇ ಹೇಳಲಿ.

ದಿನಕರ


ಕುಮಟಾ
14 ಅಕ್ಟೋಬರ್ 2023

ಶ್ರೀ ದಿನಕರ ಅವರಿಗೆ,

ತಮ್ಮ ಪತ್ರ ತಲುಪಿದೆ. ರಾಮ ಅವರ ಮರಣಕ್ಕೆ ನಮ್ಮ ಕಂಪನಿಯೂ ವಿಷಾದಿಸುತ್ತದೆ.

ತಾವು ಕೇಳಿದ ದಾಖಲೆಗಳು ಈಗ ಓದಲಾಗದ ಸ್ಥಿತಿಯಲ್ಲಿವೆ. ಘಟನೆಯ ದಿನ ಸಂಜೆಯೇ ಮುನ್ನೆಚ್ಚರಿಕೆಯಾಗಿ ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ಏರಿಸಲಾಯಿತು. ಹೊಸ ಆವೃತ್ತಿ ಹಳೆಯ ಕಡತಗಳನ್ನು ತೆರೆಯುವುದಿಲ್ಲ. ಇದರಲ್ಲಿ ದುರುದ್ದೇಶ ಹುಡುಕುವುದು ತಮ್ಮ ಸ್ವಭಾವ; ಉತ್ತರಿಸುವುದು ನನ್ನ ಕೆಲಸವಲ್ಲ.

ಬೈನರಿಯ ಬಗ್ಗೆ ತಾವು ಬರೆದದ್ದಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಅದು ಅಜ್ಞಾನ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲಿನ ಒಳಗೆ ಸಂಖ್ಯೆ ಇರುವುದೇ ಬೈನರಿಯಲ್ಲಿ. ಅದನ್ನು ಅಕ್ಷರವಾಗಿಸಿ ಹೊರಗಿಡುವುದು, ಹೊರಗಿನ ಪ್ರೋಗ್ರಾಂ ಆ ಅಕ್ಷರಗಳನ್ನು ಓದಿ ಮತ್ತೆ ಸಂಖ್ಯೆಯಾಗಿಸುವುದು, ಇದು ಕೊಂಕಣಿಯ ಇಬ್ಬರು ಎದುರುಬದುರು ಕೂತು ನಡುವೆ ಕನ್ನಡದ ದುಭಾಷಿಯನ್ನು ಇಟ್ಟುಕೊಂಡ ಹಾಗೆ. ನಿಮಿಷನಿಮಿಷಕ್ಕೂ ನೂರಾರು ಪ್ರಕ್ರಿಯೆಗಳ ಅಂಕಿ ತೆಗೆಯುವಾಗ ದುಭಾಷಿಯ ಕೂಲಿಯೇ ಕೆಲಸಕ್ಕಿಂತ ಹೆಚ್ಚಾಗುತ್ತದೆ. ಅಕ್ಷರ ಕಂಡರೆ ಸತ್ಯ ಕಂಡಿತು ಎಂದು ತಿಳಿಯುವುದು ಭ್ರಮೆ.

ಆ ಭ್ರಮೆಯ ಬೆಲೆ ತಮಗೇ ಗೊತ್ತು. 2016ರ ಜೂನ್‌ನಲ್ಲಿ ನಾವು ಲಿನಕ್ಸ್ ಹೊಸದು ಹಾಕಿದೆವು. ಮೆಮೊರಿಯ ಪಟ್ಟಿಯಲ್ಲಿ 'ಖಾಲಿ' ಎಂಬ ಎರಡನೇ ಸಾಲಿನ ಕೆಳಗೆ 'ಲಭ್ಯ' ಎಂಬ ಹೊಸ ಸಾಲು ಸೇರಿಕೊಂಡಿತು. ಹೆಸರು ನೋಡದೆ 'ಮೂರನೇ ಸಾಲು' ಎಂದು ಬರೆದಿದ್ದ ತಮ್ಮ ಪುಟ್ಟ ಪ್ರೋಗ್ರಾಂ, ಆ ಸ್ಕ್ರಿಪ್ಟು, ಹನ್ನೊಂದು ದಿನ ಒಂದು ಸಂಖ್ಯೆಯ ಬದಲು ಇನ್ನೊಂದನ್ನು ಓದಿತು. ಸುಮ್ಮನೆ ಎರಡು ಸಲ ಯಂತ್ರ ಆರಿಸಿ ಹಚ್ಚಿದಿರಿ. ತಿದ್ದಿದ್ದು ನಾನು. ಸಂಘದ ಅಧ್ಯಕ್ಷರಿಗೆ ಹೇಳದೆ ಉಳಿದಿದ್ದೂ ನಾನು.

ಕಡತಗಳು ಬೇಕೇ ಬೇಕೆಂದರೆ ಸಂಘಕ್ಕೆ ಅರ್ಜಿ ಕೊಡಿ. ಇದ್ದದ್ದನ್ನು ಇದ್ದ ಹಾಗೆ ಕೊಡುತ್ತಾರೆ.

ತಮ್ಮ ವಿಶ್ವಾಸಿ,
ನಾಗಪತಿ ಭಟ್ಟ


ಶಿರಾಲಿ, ಭಟ್ಕಳ ತಾಲೂಕು
5 ನವೆಂಬರ್ 2023

ದಿನಕರಣ್ಣನಿಗೆ ವಿನುತಾಳ ನಮಸ್ಕಾರ.

ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಭಟ್ಕಳ ಪೇಟೆಯಲ್ಲಿ. ಗಿರಾಕಿ ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಚುವುದೇ ಹೆಚ್ಚು. ಪರವಾಗಿಲ್ಲ.

ಮೊನ್ನೆ ರಜೆ ಇತ್ತು. ಯಾರಿಗೂ ಹೇಳದೆ ಕಾಗಾಲಕ್ಕೆ ಹೋಗಿದ್ದೆ. ಮಾಸ್ತಮ್ಮ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದರು. ನಾನು ಯಾರೆಂದು ಹೇಳಿದ ಮೇಲೆ ಕುಳಿತುಕೋ ಎನ್ನಲಿಲ್ಲ.

"ನೀನೇ ಹೌದನೇ ಆ ಫೋನಿನ ಹುಡುಗಿ?"

"ಹೌದು ಮಾಸ್ತಮ್ಮಕ್ಕ."

"ಒಂಬತ್ತು ಸಲ ಮಾಡ್ದೆ ನಾನು. ಎಂತಾ ಮಾಡ್ತಿದ್ದೆ ನೀನು? ತಲೆ ಬಾಚ್ತಿದ್ಯಾ?"

"ಯಂತ್ರ ನಿಂತೋಗಿತ್ತು. ಕಿವಿಗೆ ಹಾಕಿದ್ದರಲ್ಲಿ ಸುದ್ದಿಯೇ ಇಲ್ಲ. ಕಂಪನಿಯವರಿಗೆ ಫೋನ್ ಮಾಡ್ತೇ ಇದ್ದೆ. ಐದು ಸಲ ಮಾಡ್ದೆ. ಅವರೂ ಎತ್ತಲಿಲ್ಲ."

ಅವರು ಕಾಲಲ್ಲೇ ಭತ್ತ ಎಳೆದರು. ಆಮೇಲೆ, "ಹಂಗಾದ್ರೆ ನಿಂದೂ ನಂದೂ ಒಂದೇ ಕತೆ ಆತು" ಅಂದರು. "ಮತ್ತೆ ಅದನ್ನ ಆರ್ಸೂಕೆ ನಲ್ವತ್ತು ನಿಮಿಷ ಎಂತಕ್ಕೆ ಬೇಕಾತೇ?"

ಗೋಡೆಯ ಮೇಲೆ ಆರಿಸಬಾರದೆಂದು ಬರೆದಿತ್ತು ಎಂದೆ. ಅವರು ನಗಲಿಲ್ಲ, ಬೈಯಲಿಲ್ಲ. "ಬರ್ದದ್ದನ್ನ ಓದ್ತಾ ಕೂತ್ಯಾ" ಅಂದರು. ದಿನಕರಣ್ಣ, ನೀವಿದ್ದಾಗ ನಾವೇ ನೋಡಿ ಆರಿಸುತ್ತಿದ್ದೆವು. ಈಗ ನೋಡಲು ಏನೂ ಇರಲಿಲ್ಲ, ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಬಿಟ್ಟರೆ. ಯಂತ್ರ ನಿಂತಾಗಲೂ ಆ ಚುಕ್ಕೆ ಹಸಿರಾಗಿಯೇ ನಿಂತಿತ್ತು.

ನನ್ನ ಮೊಬೈಲಿನಲ್ಲಿ ಆ ಐದು ಕರೆಗಳು 7.41ರಿಂದ ಇವೆ. ವಿಚಾರಣೆಯಲ್ಲಿ ತೋರಿಸಿದೆ. "ಆರಿಸಿದ ಮೇಲೆ ಹೆದರಿ ಮಾಡಿದ್ದಿರಬೇಕು" ಅಂದರು ಅಧ್ಯಕ್ಷರು.

ಇನ್ನೊಂದು. ತಪ್ಪಾಯಿತು ಎಂದು ಸಹಿ ಹಾಕಿಕೊಟ್ಟರೆ ಎಂಟು ವರ್ಷದ ಅನುಭವ ಪತ್ರ ಕೊಡುತ್ತಾರಂತೆ. ಮಾರ್ಚ್ ಕೊನೆಯವರೆಗೆ ಸಮಯ. ಅದಿದ್ದರೆ ಕಾರವಾರದಲ್ಲಿ ಇದೇ ಕೆಲಸಕ್ಕೆ ಅರ್ಜಿ ಹಾಕಬಹುದು. ಏನು ಮಾಡಲಿ?

ವಿನುತಾ


ಹೊನ್ನಾವರ
17 ಡಿಸೆಂಬರ್ 2023

ನಾಗಪತಿ,

ಇದ್ದದ್ದನ್ನು ಇದ್ದ ಹಾಗೆ ಕೊಟ್ಟರು. ನೂರ ತೊಂಬತ್ತಾರು ಪುಟ. ಪುಟಕ್ಕೆ ಅರವತ್ತು ಸಾಲು, ಸಾಲಿಗೆ ಹದಿನಾರು ಜೋಡಿ ಅಂಕಿ, ಕೆಲವು ಜೋಡಿಯಲ್ಲಿ ಇಂಗ್ಲಿಷ್ ಅಕ್ಷರ. ಒಂದು ಪದವಿಲ್ಲ, ಒಂದು ಶೀರ್ಷಿಕೆಯಿಲ್ಲ. ಕೊಟ್ಟ ಗುಮಾಸ್ತ ಪಾಂಡು ಕೇಳಿದ, "ಇದನ್ನ ಓದ್ತ್ರಾ ಅಥವಾ ಕಡ್ಲೆ ಕಟ್ಟೂಕೆ ಕೊಡ್ತ್ರಾ?" ಬೈಂಡು ಮಾಡಿಸಿಕೊಂಡು ಮನೆಗೆ ತಂದೆ.

ನೀನು ನಗಬೇಕೆಂದೇ ಕಳಿಸಿದ್ದೆ. ನಕ್ಕಿರಬಹುದು. ಆದರೆ 1991ರಲ್ಲಿ ಎಕ್ಸ್‌ಚೇಂಜಿನ ಕೇಬಲ್ ನೆಲದೊಳಗೆ ಕೊಳೆತಾಗ, ನಕ್ಷೆಯಿಲ್ಲದೆ ಎಂಟುನೂರು ತಂತಿಯ ಜೋಡಿಗಳನ್ನು ಒಂದೊಂದಾಗಿ ಮೀಟಿ ಯಾವುದು ಯಾರ ಮನೆಯದೆಂದು ಹಿಡಿದವನು ನಾನು. ನಿನ್ನ ಜೋಡಿಗಳಿಗೆ ಮೂರು ವಾರ ಸಾಕಾಯಿತು.

ಮೂರು ಸಾಲಿಗೊಮ್ಮೆ ಮೊದಲ ನಾಲ್ಕು ಜೋಡಿಗಳಿಗೆ ಒಂದು ನಡಿಗೆ ಇದೆ. ನಮ್ಮ ಸಂಖ್ಯೆಯಂತೆ ಎಡದಿಂದ ಓದಿದರೆ ಅರ್ಥವಿಲ್ಲ. ಭಟ್ಕಳ ಪೇಟೆಯ ಉರ್ದು ಬೋರ್ಡನ್ನು ಓದುವಂತೆ ಬಲಗಡೆಯಿಂದ ಜೋಡಿಜೋಡಿಯಾಗಿ ಓದಿ ಲೆಕ್ಕ ಹಾಕಿದೆ. ಪ್ರತಿ ಸಲ ಅರವತ್ತು ಹೆಚ್ಚುತ್ತಿತ್ತು. ಅರವತ್ತು ಸೆಕೆಂಡು! ಕಂಪ್ಯೂಟರಿನ ವಾಡಿಕೆಯಂತೆ 1970ರ ಜನವರಿ ಒಂದರಿಂದ ಎಣಿಸಿದ ಹೊತ್ತು. ಹಾಗಾದರೆ ಮೂರು ಸಾಲು ಸೇರಿ ಒಂದು ನಿಮಿಷದ ದಾಖಲೆ, ಒಂದು ದಾಖಲೆಯಲ್ಲಿ ಹನ್ನೆರಡು ಸಂಖ್ಯೆ, ಮೊದಲನೆಯದು ಗಡಿಯಾರ. ಅಲ್ಲಿಂದ 12ನೇ ತಾರೀಖಿನ ಪುಟ ಹುಡುಕುವುದು ಕಷ್ಟವಾಗಲಿಲ್ಲ. 7.36ರವರೆಗೆ ನಿಮಿಷ ತಪ್ಪದೆ ದಾಖಲೆ. ಮುಂದಿನದು 8.19.

ನಿನ್ನ ಕಡತ ಹಾಳಾಗಿಲ್ಲ ನಾಗಪತಿ. ಕಡತ ಸರಿಯಾಗಿಯೇ ಇದೆ. ಓದುವವನನ್ನು ನೀನು ಬದಲಿಸಿದೆ, ಅದೂ ಅದೇ ಸಂಜೆ.

ಈಗ ಐದನೆಯ ಸಂಖ್ಯೆ. ದಾಖಲೆಯ ಎರಡನೇ ಸಾಲಿನ ಮೊದಲ ನಾಲ್ಕು ಜೋಡಿ. 10ನೇ ತಾರೀಖು ಭಾನುವಾರ ಬೆಳಿಗ್ಗೆ ಅದು ಇಪ್ಪತ್ತೊಂದು ಲಕ್ಷದ ಮೇಲಿದೆ. ಸೋಮವಾರ ಅದೇ ಹೊತ್ತಿಗೆ ಹನ್ನೊಂದು ಲಕ್ಷ. ಮಂಗಳವಾರ ಏಳು ಗಂಟೆಗೆ ನಲವತ್ತು ಸಾವಿರ. 7.36ಕ್ಕೆ ಹತ್ತೊಂಬತ್ತು ಸಾವಿರ. ಆಮೇಲೆ ಕತ್ತಲು. 8.19ಕ್ಕೆ ಮೂವತ್ತಮೂರು ಲಕ್ಷ. ಇದು ಮೆಮೊರಿ ಅಲ್ಲದೆ ಬೇರೇನೂ ಆಗಲು ಸಾಧ್ಯವಿಲ್ಲ.

ಆದರೆ ಯಾವ ಮೆಮೊರಿ? ನೀನು ಇಲ್ಲಿಯೇ ತಪ್ಪಿಸಿಕೊಳ್ಳುತ್ತೀ ಎಂದು ಗೊತ್ತು. 'ಖಾಲಿ' ಬೇರೆ, 'ಲಭ್ಯ' ಬೇರೆ. ಕುಮಟಾ ಬಸ್ಸಿನಲ್ಲಿ ಸೀಟು ಖಾಲಿ ಇಲ್ಲದಿದ್ದರೂ, ಕೇಳಿದರೆ ಚೀಲ ಎತ್ತಿ ಜಾಗ ಕೊಡುವವರು ಹತ್ತು ಜನ ಇರುತ್ತಾರೆ. ಖಾಲಿ ಇಳಿದರೆ ಯಂತ್ರಕ್ಕೆ ಏನೂ ಆಗುವುದಿಲ್ಲ, ಅದು ಜಾಗವನ್ನು ಸುಮ್ಮನೆ ಬಿಡದೆ ಚೀಲ ಇಟ್ಟುಕೊಂಡಿದೆ ಎಂದಷ್ಟೇ ಅರ್ಥ. ಲಭ್ಯ ಇಳಿದರೆ ಕೇಳಿದರೂ ಸೀಟಿಲ್ಲ, ಬಾಗಿಲಲ್ಲಿ ನಿಲ್ಲಲೂ ಜಾಗವಿಲ್ಲ, ಯಂತ್ರ ನಿಂತೇ ನಿಲ್ಲುತ್ತದೆ. ಐದನೆಯದು 'ಲಭ್ಯ'ವಾಗಿದ್ದರೆ 7.36ಕ್ಕೆ ಯಂತ್ರ ತಾನಾಗಿ ಸತ್ತಿದೆ, ವಿನುತಾ ಹೇಳಿದ್ದು ನಿಜ. 'ಖಾಲಿ'ಯಾಗಿದ್ದರೆ ಈ ನೂರ ತೊಂಬತ್ತಾರು ಪುಟದಿಂದ ಏನೂ ಸಿದ್ಧವಾಗುವುದಿಲ್ಲ.

ಆ ಹೆಸರು ಕಡತದಲ್ಲಿಲ್ಲ. ನಿನ್ನ ಪ್ರೋಗ್ರಾಮಿನಲ್ಲಿದೆ. ನಿನ್ನ ತಲೆಯಲ್ಲಿದೆ.

2016ರ ಮಾತು ತೆಗೆದೆಯಲ್ಲ, ಹೌದು, ತಪ್ಪು ನನ್ನದೇ. ನೀನು ಮುಚ್ಚಿಟ್ಟದ್ದಕ್ಕೆ ಅಂದು ಕೃತಜ್ಞನಾಗಿದ್ದೆ. ಮೊನ್ನೆ ಅಧ್ಯಕ್ಷರಿಗೆ ನಾನೇ ಬರೆದು ತಿಳಿಸಿದ್ದೇನೆ, ಇನ್ನು ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವುದು ಬೇಡ. ಆದರೆ ನೀನು ಅದನ್ನು ಹೇಗೆ ಹಿಡಿದೆ ಹೇಳು? ಪರದೆಯನ್ನು ನೋಡಿದೆ. ನನ್ನ ಸ್ಕ್ರಿಪ್ಟು ಹೇಳಿದ್ದಕ್ಕೂ ಸಾಲಿನ ಹೆಸರಿಗೂ ತಾಳೆಯಾಗಲಿಲ್ಲ. ಅರ್ಧ ನಿಮಿಷದಲ್ಲಿ ಹಿಡಿದೆ. ನನ್ನ ತಪ್ಪು ಬಯಲಲ್ಲಿತ್ತು. ನಿನ್ನದು ಎಲ್ಲಿದೆ?

ದುಭಾಷಿ ದುಬಾರಿ, ಒಪ್ಪಿದೆ. ವಿಚಾರಣೆಯ ದಿನ ಅವನೊಬ್ಬನೇ ಸಾಕ್ಷಿ.

ಐದನೆಯದರ ಹೆಸರು ಬರೆದು ಕಳಿಸು. ಒಂದು ಪದ ಸಾಕು.

ದಿನಕರ


ಕುಮಟಾ
9 ಜನವರಿ 2024

ದಿನಕರ,

ಇದನ್ನು ಕಂಪನಿಯ ಕಾಗದದಲ್ಲಿ ಬರೆಯುತ್ತಿಲ್ಲ.

ನೀನು ಮೂರು ವಾರ ಕೂತು ಅದನ್ನು ಒಡೆದಿದ್ದನ್ನು ಓದಿ ನಿಜಕ್ಕೂ ಸಂತೋಷವಾಯಿತು. ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಕಡತದ ರಚನೆ ಕಂಪನಿಯ ಸ್ವತ್ತು. ಇನ್ನೂ ನಾಲ್ಕು ತಾಲೂಕಿನವರು ನಮ್ಮ ವ್ಯವಸ್ಥೆ ಬೇಕೆಂದು ಕೇಳುತ್ತಿದ್ದಾರೆ. ನನ್ನ ಕೈಕೆಳಗೆ ಇಪ್ಪತ್ತೆರಡು ಜನರಿದ್ದಾರೆ, ಎಲ್ಲರೂ ಇದೇ ಊರುಗಳ ಮಕ್ಕಳು.

ಐದನೆಯದು 'ಖಾಲಿ'ಯೇ ಇರಬಹುದು. ಇರಬಹುದು ಎನ್ನುತ್ತಿದ್ದೇನೆ. ಆವೃತ್ತಿಯಿಂದ ಆವೃತ್ತಿಗೆ ಕ್ರಮ ಬದಲಾಗಿದೆ, ನನಗೂ ನೆನಪಿಲ್ಲ.

ವಿನುತಾಗೆ ಬೇರೆ ಕಡೆ ನೋಡುತ್ತೇನೆ. ನೀನು ಇದನ್ನು ಇಲ್ಲಿಗೆ ಬಿಡು.

ನಾಗಪತಿ


ಹೊನ್ನಾವರ
11 ಫೆಬ್ರವರಿ 2024

ವಿನುತಾ,

ನಿನ್ನ ಪತ್ರಕ್ಕೆ ಮೂರು ತಿಂಗಳಿಂದ ಉತ್ತರಿಸಲಿಲ್ಲ. ಕೈಯಲ್ಲಿ ಏನಾದರೂ ಸಿಗಲಿ, ಆಮೇಲೆ ಬರೆಯೋಣ ಎಂದು ಕಾದೆ. ಸಿಕ್ಕಿತು, ಆದರೆ ಕೈಯಲ್ಲಿ ಉಳಿಯಲಿಲ್ಲ.

ಮೊನ್ನೆ ಶುಕ್ರವಾರ ಕುಮಟಾಕ್ಕೆ ಹೋಗಿ ನಾಗಪತಿಯನ್ನು ಹಿಡಿದೆ. ಕಚೇರಿಯಲ್ಲಿ ಮಾತು ಬೇಡವೆಂದು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದ. ಎರಡು ಪ್ಲೇಟು ಬನ್ಸ್ ಹೇಳಿದ, ಹಿಂದಿನ ಹಾಗೇ.

"ಎಂತದಾ ದಿನಕರ, ಇನ್ನೂ ಬಿಟ್ಟಿಲ್ವ ಅದನ್ನ?"

"ಐದನೇದು ಎಂತದು?"

"ಚಾ ಕುಡಿ ಮೊದ್ಲು."

"ಕುಡಿತೆ. ಐದನೇದು ಎಂತದು ಹೇಳು."

"ನಿಂಗೆ ಗೊತ್ತದೆ. ಮತ್ತೆಂತಕ್ಕೆ ಕೇಳ್ತೆ?"

"ಎಂತ ಗೊತ್ತದೆ ನಂಗೆ?"

ಅವನು ಬನ್ಸಿನ ಚೂರನ್ನು ಚಟ್ನಿಯಲ್ಲಿ ಅದ್ದಿ ಹಾಗೇ ಇಟ್ಟುಕೊಂಡಿದ್ದ. "ಲಭ್ಯ" ಅಂದ. ಆಮೇಲೆ ಒಂದೇ ಉಸಿರಿಗೆ ಹೇಳಿದ. ಜುಲೈನಿಂದಲೇ ಪ್ರೋಗ್ರಾಂ ತೆಗೆದುಕೊಂಡ ಮೆಮೊರಿಯನ್ನು ಬಿಟ್ಟುಕೊಡದೆ ಸೋರುತ್ತಿತ್ತಂತೆ, ಆಗಾಗ ಕಚೇರಿಯಿಂದಲೇ ಆರಿಸಿ ಹಚ್ಚಿ ನಡೆಸುತ್ತಿದ್ದರಂತೆ. ಕಡಿಮೆಯಾದಾಗ ಕೂಗಬೇಕಿದ್ದ ಎಚ್ಚರಿಕೆ ಗಂಟೆ ದಿನಕ್ಕೆ ನಾಲ್ಕು ಸಲ ಕೂಗಿ ಅಧ್ಯಕ್ಷರು ರೇಗಿದ್ದರಿಂದ ಅದನ್ನು ಬಂದ್ ಮಾಡಿಸಿದ್ದು ಇವನೇ. ಹಸಿರು ಚುಕ್ಕೆಗೂ ಯಂತ್ರದ ಜೀವಕ್ಕೂ ಸಂಬಂಧವೇ ಇರಲಿಲ್ಲವಂತೆ.

"ಇದನ್ನೇ ಬರ್ದು ಕೊಡು" ಅಂದೆ.

"ಬರ್ದ್ರೆ ನಾ ಹೋದೆ ಮಾರಾಯ. ಅವ್ಳಿಗೆ ಬಟ್ಟೆ ಅಂಗಡಿ ಆದ್ರೂ ಅದೆ."

ಅಷ್ಟರಲ್ಲಿ ಅವನ ಮನೆಯಿಂದ ಫೋನು ಬಂತು. ಹೆಂಡತಿಯಿರಬೇಕು. ನನ್ನ ಮುಖವನ್ನೇ ನೋಡುತ್ತ ತನ್ನ ಮನೆಮಾತಿನಲ್ಲಿ ಹೇಳಿದ: "ಇಲ್ಲೆ, ಯಾರೂ ಇಲ್ಲೆ. ಪೇಟೆಲಿ ಸಣ್ಣ ಕೆಲಸ ಇದ್ದು. ಈಗ ಬತ್ತೆ."

ಎದುರಿಗೆ ಕೂತ ನಾನು ಯಾರೂ ಅಲ್ಲ. ಎದ್ದು ಬಂದೆ. ಹೊನ್ನಾವರದ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಹೊಳೆಯಿತು, ನಮ್ಮಿಬ್ಬರನ್ನು ಬಿಟ್ಟು ಆ ಮಾತಿಗೆ ಇನ್ನೊಂದು ಕಿವಿ ಇರಲಿಲ್ಲ. ನನಗೂ ನಿನಗೂ ಈಗ ಸತ್ಯ ಗೊತ್ತಿದೆ, ಆದರೆ ಅದು ಯಾವ ಕಾಗದದ ಮೇಲೂ ಇಲ್ಲ.

ಸಹಿ ಹಾಕು ಎನ್ನಲು ನನಗೆ ಬಾಯಿಲ್ಲ, ಹಾಕಬೇಡ ಎನ್ನಲು ಹಕ್ಕಿಲ್ಲ. ಸೀರೆ ಮಡಚುತ್ತಿರುವವಳು ನೀನು.

ದಿನಕರ


ಶಿರಾಲಿ
20 ಮಾರ್ಚ್ 2024

ದಿನಕರಣ್ಣ,

ನಿನ್ನೆ ಸಂಘಕ್ಕೆ ಹೋಗಿ ಸಹಿ ಹಾಕಿದೆ.

ಅವರು ಟೈಪು ಮಾಡಿಟ್ಟ ಕಾಗದದಲ್ಲಿ 'ಯಂತ್ರ ಆರಿಸಿದ್ದು ನಾನೇ' ಎಂದಿತ್ತು. ಸುಳ್ಳಲ್ಲವಲ್ಲ. ಅದರ ಮುಂದೆ ಪೆನ್ನಿನಲ್ಲಿ 'ಬೆಳಿಗ್ಗೆ 8.17ಕ್ಕೆ' ಎಂದು ಸೇರಿಸಿ, ಅದರ ಕೆಳಗೆ ಸಹಿ ಹಾಕಿದೆ. ಅಧ್ಯಕ್ಷರು ಓದಿ ಕನ್ನಡಕ ತೆಗೆದರು.

"ಸಮಯ ಬರ್ಯೂದು ಬೇಡ ಅಂದಿದ್ನಲ್ಲೇ."

"ಸಮಯ ಇಲ್ದೇ ಇದ್ರೆ ಸಹಿ ಇಲ್ಲ ಸಾರ್."

ಕಾಗದ ಹರಿದರು. ಅನುಭವ ಪತ್ರ ಇಲ್ಲ. ಏಪ್ರಿಲ್ 7ರ ವಾರ್ಷಿಕ ಸಭೆಯಲ್ಲಿ ವರದಿ ಓದಿ ಅಂಗೀಕಾರ ಮಾಡುತ್ತಾರಂತೆ. ಆಮೇಲೆ ನನ್ನ ಹೆಸರು ಹಾಗೆಯೇ ಉಳಿಯುತ್ತದೆ. ಬಸ್ಸಿಗೆ ಬರುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹಸಿವಾಗಿತ್ತು.

ವಿನುತಾ


ಹೊನ್ನಾವರ
25 ಮಾರ್ಚ್ 2024

ಶ್ರೀ ನಾಗಪತಿ ಭಟ್ಟ ಅವರಿಗೆ ಬಹಿರಂಗ ಪತ್ರ
(ಪ್ರತಿಗಳು: ಸಂಘದ ಎಲ್ಲ ಸದಸ್ಯರಿಗೆ, ಮೂರೂ ಊರಿನ ಬಸ್‌ಸ್ಟ್ಯಾಂಡಿನ ಗೋಡೆಗೆ, ಕಾಗಾಲದ ಮಾಸ್ತಮ್ಮ ಅವರಿಗೆ)

ನಾಗಪತಿಯವರೆ,

ಫೆಬ್ರವರಿ 9ರಂದು ಕುಮಟಾದ ಹೋಟೆಲಿನಲ್ಲಿ ನೀವು ನನ್ನೊಡನೆ ಏನು ಹೇಳಿದಿರೋ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಇಲ್ಲವೆನ್ನುತ್ತೀರಿ. ಆಮೇಲೆ ಊರಿನವರು ದಿನಕರ ನಿಜವೋ ನಾಗಪತಿ ನಿಜವೋ ಎಂದು ನಮ್ಮಿಬ್ಬರ ಜಗಳ ನೋಡುತ್ತ ಕೂರುತ್ತಾರೆ. ವಿನುತಾಳನ್ನು ಎಲ್ಲರೂ ಮರೆಯುತ್ತಾರೆ. ನನ್ನ ಬಾಯಿಮಾತಿನ ಮೇಲೆ ಯಾರೂ ಏನನ್ನೂ ನಂಬುವುದು ಬೇಡ.

ಸದಸ್ಯರಿಗೆ ತಿಳಿಯಲೆಂದು ಇಷ್ಟು ಹೇಳುತ್ತೇನೆ. ಪ್ರತಿಯೊಂದು ಯಂತ್ರದ ಆಪರೇಟಿಂಗ್ ಸಿಸ್ಟಮ್ ತನ್ನ ಸ್ಥಿತಿಯನ್ನು ಹೇಗಾದರೂ ಹೊರಗೆ ಹೇಳಲೇಬೇಕು. ಅಕ್ಷರದಲ್ಲಿ ಹೇಳಿದರೆ ನಿಧಾನ, ಆದರೆ ಎದುರು ನಿಂತ ಯಾರಿಗಾದರೂ ತಿಳಿಯುತ್ತದೆ. ಬೈನರಿಯಲ್ಲಿ ಹೇಳಿದರೆ ವೇಗ, ಆದರೆ ಯಾವ ಸಂಖ್ಯೆ ಏನೆಂಬ ಪಟ್ಟಿ ಕೈಯಲ್ಲಿದ್ದವರಿಗೆ ಮಾತ್ರ ತಿಳಿಯುತ್ತದೆ. ವೇಗ ಬೇಕಾದಲ್ಲಿ ಬೈನರಿ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಪಟ್ಟಿಯನ್ನು ಊರಿನ ಮುಂದೆ ಇಡಬೇಕಿತ್ತು. ನಮ್ಮ ಸಹಾಯವಾಣಿಯಲ್ಲಿ ಆ ಪಟ್ಟಿ, ಯಂತ್ರ ಮಾರಿದವರ ಕೈಯಲ್ಲೇ ಉಳಿಯಿತು. ಯಂತ್ರ ಕೆಟ್ಟ ದಿನ ಆರೋಪಿ, ಸಾಕ್ಷಿ, ನ್ಯಾಯಾಧೀಶ ಮೂವರೂ ಅವರೇ ಆದರು. ಮನುಷ್ಯ ಸತ್ತ ಕಾರಣ ಕೇಳಿದವನಿಗೆ ನೂರ ತೊಂಬತ್ತಾರು ಪುಟ ಜೋಡಿ ಅಂಕಿ ಕೊಟ್ಟು, ದಾಖಲೆ ಒದಗಿಸಲಾಗಿದೆ ಎಂದು ರಶೀದಿ ಪಡೆಯುವ ಧೈರ್ಯ ಬಂದದ್ದು ಇದರಿಂದ.

ಆ ಪುಟಗಳನ್ನು ಮಾಸ್ತಮ್ಮನಿಗೂ ತೋರಿಸಿದೆ. ತಿರುವಿ ನೋಡಿ ಕೇಳಿದರು: "ನಾ ಫೋನ್ ಮಾಡಿದ್ದು ಇದ್ರಲ್ಲಿ ಎಲ್ಲಿ ಅದೆ?" ಆ ಒಂಬತ್ತು ಕರೆಗಳು ಇದರಲ್ಲಿಲ್ಲ. ಅವು ಬಂದಾಗ ಯಂತ್ರ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಈ ಪತ್ರದ ಹಿಂದೆ 7.36ರ ದಾಖಲೆಯ ಮೂರು ಸಾಲು, 8.19ರ ಮೂರು ಸಾಲು ಅಚ್ಚಾಗಿವೆ. ಐದನೆಯ ಸಂಖ್ಯೆಯ ಸುತ್ತ ಕೆಂಪು ಗೆರೆ ಎಳೆದಿದ್ದೇನೆ. ಮೊದಲನೆಯದು ಹತ್ತೊಂಬತ್ತು ಸಾವಿರ, ಎರಡನೆಯದು ಮೂವತ್ತಮೂರು ಲಕ್ಷ. ಅದು 'ಲಭ್ಯ' ಮೆಮೊರಿಯಾಗಿದ್ದರೆ ಯಂತ್ರ 7.36ಕ್ಕೆ ಉಸಿರುಕಟ್ಟಿ ನಿಂತಿದೆ, ವಿನುತಾ 8.17ಕ್ಕೆ ಅದನ್ನು ಎಬ್ಬಿಸಿದ್ದಾಳೆ, ನಿಮ್ಮ ವರದಿ ಸುಳ್ಳು. 'ಖಾಲಿ'ಯಾಗಿದ್ದರೆ ನಾನು ಸೋತೆ. ಅದೇ ಸಭೆಯಲ್ಲಿ ನಿಮ್ಮ ಕ್ಷಮೆ ಕೇಳುತ್ತೇನೆ.

ಕಡತದ ರಚನೆ ನಿಮ್ಮ ಕಂಪನಿಯ ಸ್ವತ್ತು ಎನ್ನುತ್ತೀರಿ. ಉಳಿದ ಸಂಖ್ಯೆಗಳ ಹೆಸರುಗಳನ್ನು ನೀವೇ ಇಟ್ಟುಕೊಳ್ಳಿ. ನನಗೆ ಒಂದು ಸಾಕು. ನೆನಪಿಲ್ಲ ಎಂದು ಈ ಸಲ ಹೇಳಬೇಡಿ. ಸೆಪ್ಟೆಂಬರ್ 12ರ ಬೆಳಿಗ್ಗೆ ಓಡುತ್ತಿದ್ದ ಹಳೆಯ ಆವೃತ್ತಿ ನಿಮ್ಮ ಕಚೇರಿಯಲ್ಲಿದೆ. ಅದನ್ನು ಹೊತ್ತು ತನ್ನಿ, ಪರದೆಯನ್ನು ಸಭೆಯ ಕಡೆ ತಿರುಗಿಸಿ, ಕಡತವನ್ನು ಎಲ್ಲರೆದುರು ತೆರೆಯಿರಿ.

ಏಪ್ರಿಲ್ 7, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ವರದಿ ಅಂಗೀಕಾರವಾಗುವ ಮೊದಲು, ಮುಂದಿನ ಸಾಲಿನಲ್ಲಿ ವಿನುತಾ ಮತ್ತು ಮಾಸ್ತಮ್ಮ ಕೂತಿರುತ್ತಾರೆ. ಎದ್ದು ನಿಂತು, ಅವರಿಬ್ಬರಿಗೂ ಕೇಳುವಂತೆ ಹೇಳಿ: ಆ ಎರಡನೇ ಸಾಲಿನ ಮೊದಲ ನಾಲ್ಕು ಜೋಡಿ ಖಾಲಿಯೋ, ಲಭ್ಯವೋ?

ದಿನಕರ ನಾಯ್ಕ